ಗೂಬೆ ಮೇಸ್ತ್ರಿ ವಾಪಸ್ ಕಳಿಸಿದ ಟಾರ್ಚುಗಳು

ಹೊಸ ಟಾರ್ಚನ್ನು ಕೈಗೆತ್ತಿಕೊಂಡ ಕೂಡಲೇ, ಇದು ಒಳ್ಳೆಯದಿರಬಹುದು ಎಂದು ಗೂಬೆ ಮೇಸ್ತ್ರಿಗೆ ಅನಿಸಿತು. ಅನಿಸಿದ್ದೇ ಎದೆ ಭಾರವಾಯಿತು. ಟಾರ್ಚು ಒಳ್ಳೆಯದಾದರೆ ಭಾವನ ಕೆಲಸ ಹೋಗುತ್ತದೆ.

ಬೇರೆ ಯಾರನ್ನಾದರೂ ಗೂಬೆ ಎಂದರೆ ಜಗಳಕ್ಕೇ ಬಂದಾರು. ಮೇಸ್ತ್ರಿಗೆ ಅದು ಬಿರುದು. ಊರಿಗೆ ನೀರು ಹರಿದು ಬರುವ ಇಟ್ಟಿಗೆಯ ಸುರಂಗವನ್ನು ಆಗಾಗ ಬರಿದು ಮಾಡಿ, ಒಳಗೆ ನಡೆದು, ಗೋಡೆಯಲ್ಲಿ ಬಿರುಕು ಹುಡುಕುವುದು ಅವನ ಕೆಲಸ. ಅವನು ಮುಂದೆ ನಡೆಯುತ್ತ ‘ಎಡಕ್ಕೆ’, ‘ಮೇಲೆ’ ಎಂದು ಕೂಗುತ್ತಿದ್ದ. ಹಿಂದೆ ಬರುವವನು ಅಲ್ಲಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದ. ಗೆರೆ ಎಳೆದೂ ಎಳೆದೂ ಆ ಮನುಷ್ಯನ ಹೆಸರೇ ಸೀಮೆಸುಣ್ಣವಾಗಿತ್ತು. ಕೂದಲೆಳೆಯಷ್ಟು ಸಣ್ಣ ಸೀಳನ್ನೂ ಕತ್ತಲೆಯಲ್ಲಿ ಹಿಡಿಯುವ ಮೇಸ್ತ್ರಿಗೆ ಗೂಬೆ ಎಂದು ಹೆಸರಿಟ್ಟವನೂ ಅವನೇ.

ನೀರು ಸರಬರಾಜಿನ ಆ ಯಾರ್ಡಿನಲ್ಲಿ ಹಿಂದಿನಿಂದ ಬಂದ ಒಂದು ಪದ್ಧತಿಯಿತ್ತು. ಸುರಂಗಕ್ಕೆ ಇಳಿಯುವ ಟಾರ್ಚನ್ನು ಮುಂದೆ ನಡೆಯುವವನೇ ಒಪ್ಪಬೇಕು. ಅವನು ‘ವಾಪಸ್’ ಅಂದರೆ ವಾಪಸ್ಸೇ. ಸಾಹೇಬರೂ ಮರುಮಾತಾಡುವಂತಿರಲಿಲ್ಲ. ಕತ್ತಲೆಗೆ ಮೊದಲು ಮೈಯೊಡ್ಡುವವನು ಅವನು, ಬೆಳಕಿನ ಮಾತೂ ಅವನದ್ದೇ ಎಂಬ ಲೆಕ್ಕ. ಈಚೆಗೆ ಸುರಂಗದೊಳಗೆ ತಲೆಗೆ ಕಟ್ಟುವ ಸಣ್ಣ ಲೈಟುಗಳಲ್ಲೇ ಕೆಲಸ ಸಾಗುತ್ತಿತ್ತು. ಅವು ಸಾಲುತ್ತಿಲ್ಲವೆಂದು ಕೈಯಲ್ಲಿ ಹಿಡಿಯುವ, ಹೆಚ್ಚು ಶಕ್ತಿಯ ಟಾರ್ಚುಗಳನ್ನು ಕೊಳ್ಳಲು ಹೊರಟಾಗಲೇ ಈ ರಾದ್ಧಾಂತ ಶುರುವಾದದ್ದು.

ಸ್ಟೋರಿನ ಉಸ್ತುವಾರಿ ಆಗ ಮೇಸ್ತ್ರಿಯ ಅಕ್ಕನ ಗಂಡನದ್ದು. ಭಾವ ಅಂಗಡಿ ಅಂಗಡಿ ಅಲೆದು ಒಂದು ಟಾರ್ಚು ತಂದರು. ಮೇಸ್ತ್ರಿ ನೋಡಿ ವಾಪಸ್ ಅಂದ. ಇನ್ನೊಂದು ತಂದರು. ಅದೂ ವಾಪಸ್ಸಾಯಿತು.

“ಬೆಳಕು ಹರಡೋದೇ ಇಲ್ಲ ಭಾವ. ಬಾವಿಯೊಳಗಿಂದ ಆಕಾಶ ನೋಡಿದ ಹಾಗಿದೆ. ನಡುವೆ ಉರಿಯುತ್ತೆ, ಸುತ್ತ ಕಗ್ಗತ್ತಲು.”

“ನನಗೆ ಗೋಡೆ ಪೂರ್ತಿ ಕಾಣ್ತಿದೆಯಲ್ಲೋ,” ಎಂದಿದ್ದರು ಭಾವ. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಅಲೆದ ಆಯಾಸಕ್ಕೋ ಏನೋ, “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಯ್ತು ನಿನ್ನ ಕಥೆ,” ಎಂದು ಎಲ್ಲರೆದುರು ಸೇರಿಸಿದರು. ನಾಲ್ಕು ಜನ ನಕ್ಕರು.

ಮೇಸ್ತ್ರಿಗೆ ಉರಿದುಹೋಯಿತು. “ಕಾಣುತ್ತೆ, ಯಾಕೆ ಕಾಣಲ್ಲ? ಕಮಿಷನ್ ತಿಂದ ಕಣ್ಣಿಗೆ ಎಲ್ಲಾ ಕಾಣುತ್ತೆ,” ಎಂದುಬಿಟ್ಟ.

ಆಡಿದ್ದು ಗೂಬೆ ಮೇಸ್ತ್ರಿ, ಅದೂ ಸ್ವಂತ ಭಾವನ ಮೇಲೆ. ಸುಳ್ಳಾಗಿದ್ದರೆ ಆಡುತ್ತಿದ್ದನೇ ಎಂದು ಯಾರ್ಡೇ ಮಾತಾಡಿಕೊಂಡಿತು. ವಿಚಾರಣೆ ಮುಗಿಯುವವರೆಗೆ ಭಾವನನ್ನು ಸ್ಟೋರಿನಿಂದ ತೆಗೆದು ಗೇಟು ಕಾಯಲು ಹಾಕಿದರು. ಮೂರನೆಯ ಟಾರ್ಚನ್ನು ಸಾಹೇಬರು ಖುದ್ದಾಗಿ ತಂದರು. ತಂದವರು ಮೇಸ್ತ್ರಿಯನ್ನು ಕರೆದು ಬಿಡಿಸಿ ಹೇಳಿದರು: “ಇದು ಚೆನ್ನಾಗಿದೆ ಅಂತಾದ್ರೆ ಪೇಟೆಯಲ್ಲಿ ಒಳ್ಳೇ ಮಾಲು ಸಿಗುತ್ತೆ ಅಂತ ಆಯ್ತು. ನಿಮ್ಮ ಭಾವ ಬೇಕಂತಲೇ ಕೆಟ್ಟದ್ದು ತಂದ್ರು ಅಂತಲೂ ಆಯ್ತು. ಆಮೇಲೆ ಗೇಟಲ್ಲೂ ಇಟ್ಟುಕೊಳ್ಳೋಕಾಗಲ್ಲ. ಇದೂ ಹಾಗೇ ಇದ್ರೆ ಮಾಲೇ ಅಷ್ಟು ಅಂದುಕೊಂಡು ಅವರನ್ನ ಗೇಟಲ್ಲೇ ಬಿಟ್ಟುಬಿಡೋಣ.”

ಆ ಮಾತು ಅಕ್ಕನ ಕಿವಿಗೂ ಬಿದ್ದಿತ್ತು. ಇವತ್ತು ಬೆಳಿಗ್ಗೆಯೇ ಅವಳು ಮೇಸ್ತ್ರಿಯ ಮನೆಗೆ ಬಂದಳು. ತಾಯಿ ಸತ್ತ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು, ಒಳಗೆ ಬಾ ಅಂದರೂ ಬರದೆ ಹೊಸ್ತಿಲ ಹೊರಗೇ ನಿಂತಳು.

“ಇದನ್ನೂ ಕೆಟ್ಟದ್ದು ಅಂದುಬಿಡು. ಒಂದು ಮಾತು ಕಣೋ.”

“ಇದ್ದದ್ದನ್ನ ಇದ್ದ ಹಾಗೆ ಹೇಳ್ತೀನಿ ಅಕ್ಕ. ಟಾರ್ಚಿನ ವಿಷಯದಲ್ಲಿ ನನ್ನ ಬಾಯಲ್ಲಿ ಸುಳ್ಳು ಬರಲ್ಲ.”

“ಭಾರೀ ಸತ್ಯವಂತ. ದಿನಾ ಗೇಟಲ್ಲಿ ಅವರು ನಿನಗೆ ಕೈ ಎತ್ತುತ್ತಾರಂತೆ. ನೀನು ತಿರುಗಿಯೂ ನೋಡದೆ ಹೋಗ್ತೀಯಂತೆ. ಅಷ್ಟು ದೊಡ್ಡ ಮನುಷ್ಯ ಆದೆಯಾ?”

“ಯಾವ ಕೈ? ನಾನು ಹೋಗೋವಾಗ ಅವರು ಗೇಟಲ್ಲಿ ಇರೋದೇ ಇಲ್ಲ.”

ಅಕ್ಕ ಅವನನ್ನು ಒಮ್ಮೆ ನೋಡಿ ಮೆಟ್ಟಿಲಿಳಿದಳು. ತಿರುಗಿ ಒಳಗೆ ಬರುವಾಗ ಮೇಸ್ತ್ರಿಯ ಮೊಣಕೈ ತಗುಲಿ ಮೇಜಿನ ಮೇಲಿನ ಚಹಾದ ಲೋಟ ಉರುಳಿತು. ಈಚೆಗೆ ಮನೆಯಲ್ಲಿ ಲೋಟಗಳು ಬಹಳ ಉರುಳುತ್ತಿದ್ದವು. ಯಾರ್ಡಿಗೆ ಬಂದಾಗ ಗೇಟಿನ ಕಬ್ಬಿಣದ ರೆಕ್ಕೆ ಅವನ ಭುಜಕ್ಕೆ ರಪ್ಪನೆ ಬಡಿಯಿತು. ಭಾವ ಮರೆಯಲ್ಲಿ ನಿಂತು ಬೇಕಂತಲೇ ತಳ್ಳಿದರು, ಅಕ್ಕ ಹೇಳಿಕೊಟ್ಟು ಕಳಿಸಿರಬೇಕು ಎಂದುಕೊಂಡು, ಭುಜ ಉಜ್ಜುತ್ತ ಒಳಗೆ ನಡೆದ.

ಟಾರ್ಚು ಪರೀಕ್ಷಿಸುವ ಜಾಗ ಹಳೆಯ ಪಂಪ್‌ಹೌಸು. ಪಂಪುಗಳನ್ನು ಎಂದೋ ಕಿತ್ತೊಯ್ದಿದ್ದರು. ಕಿಟಕಿಗಳಿಗೆ ಕಪ್ಪು ಬಣ್ಣ ಬಳಿದಿತ್ತು. ಉದ್ದನೆಯ ಹಾಲಿನ ಒಂದು ತುದಿಯಲ್ಲಿ ನೆಲಕ್ಕೆ ಕಬ್ಬಿಣದ ತಗಡು, ಇನ್ನೊಂದು ತುದಿಯಲ್ಲಿ ಸುಣ್ಣ ಬಳಿದ ಗೋಡೆ. ಪರೀಕ್ಷೆ ಮಾಡುವವನು ತಗಡಿನ ಮೇಲೆ ನಿಂತು ಗೋಡೆಗೆ ಬೆಳಕು ಬಿಡಬೇಕು. ಅದು ಕೊನೆಯ ಹಂತ. ಮೊದಲು ಟಾರ್ಚಿನ ಮೈ.

ಮೇಸ್ತ್ರಿ ಅಂಗೈಯಲ್ಲಿ ತೂಕ ನೋಡಿದ. ಮುಂದೆ ಭಾರವಿಲ್ಲ, ಹಿಂದೆ ಭಾರವಿಲ್ಲ, ಹಿಡಿದಲ್ಲೇ ಕೂರುತ್ತದೆ. ಹಿಡಿತಕ್ಕೆಂದು ಮೈಮೇಲೆ ಕೊರೆದ ಚೌಕಳಿಗಳಿಗೆ ಉಗುರು ತಾಗಿಸಿ ಎಳೆದ. ಒದ್ದೆ ಕೈಯಲ್ಲೂ ಜಾರದು, ಚರ್ಮ ಕೆರೆಯುವಷ್ಟು ಒರಟೂ ಅಲ್ಲ. ಕಣ್ಣು ಮುಚ್ಚಿ ಹಿಂಬದಿಯ ಮುಚ್ಚಳ ತಿರುಗಿಸಿದ. ತಿರುಪು ಎಲ್ಲೂ ಕಚ್ಚಲಿಲ್ಲ, ಮರಳು ಸಿಕ್ಕ ಸದ್ದು ಮಾಡಲಿಲ್ಲ. ನೀರು ತಡೆಯುವ ರಬ್ಬರ್ ಬಳೆ ದಪ್ಪಗಿತ್ತು, ಜಿಡ್ಡು ಹಚ್ಚಿತ್ತು. ಸ್ಪ್ರಿಂಗು ಗಟ್ಟಿ. ಸೊಂಟದೆತ್ತರದಿಂದ ನೆಲಕ್ಕೆ ಬಿಟ್ಟ. ಠಣ್ ಎಂದಿತೇ ಹೊರತು ಒಳಗೇನೂ ಅಲುಗಾಡಲಿಲ್ಲ. ಸೀಮೆಸುಣ್ಣ ಬಕೆಟ್ಟಿನಲ್ಲಿ ನೀರು ತಂದಿಟ್ಟಿದ್ದ. ಹೊತ್ತಿಸಿ ಮುಳುಗಿಸಿದರು. ಒಂದು ಗುಳ್ಳೆಯೂ ಮೇಲೆ ಬರಲಿಲ್ಲ. ಬಕೆಟ್ಟೇ ಹಂಡೆಯಷ್ಟು ದೊಡ್ಡ ದೀಪದ ಹಾಗೆ ಉರಿಯಿತು.

“ಮೈ ಗಟ್ಟಿ,” ಎಂದ ಮೇಸ್ತ್ರಿ, ಒಲ್ಲದ ಬಾಯಲ್ಲಿ.

ಚಾಳಿಗಳೂ ಇದ್ದವು. ಬುಡದಲ್ಲಿ ಅಯಸ್ಕಾಂತ. ಮೇಜಿನ ಮೇಲಿಟ್ಟರೆ ಸಾಹೇಬರ ಬೀಗದ ಕೈ ಗೊಂಚಲನ್ನೇ ಎಳೆದುಕೊಂಡಿತು. ಗುಂಡಿಯನ್ನು ಬೇಗ ಬೇಗ ಒತ್ತಿದರೆ ಬೆಳಕು ಹುಚ್ಚು ಹಿಡಿದ ಹಾಗೆ ಮಿಟುಕುತ್ತಿತ್ತು. ಕಳ್ಳರನ್ನು ಹೆದರಿಸಲಂತೆ. ಸುರಂಗದಲ್ಲಿ ಯಾವ ಕಳ್ಳ? ಚಾರ್ಜಿನ ತೂತು ಮುಚ್ಚುವ ರಬ್ಬರ್ ನಾಲಗೆ ಒಂದೇ ಸಲಕ್ಕೆ ಕೂರದು, ಹೆಬ್ಬೆರಳಲ್ಲಿ ಎರಡು ಸಲ ಒತ್ತಬೇಕು. ಪೂರ್ತಿ ಶಕ್ತಿಯಲ್ಲಿ ಬಿಟ್ಟರೆ ಮೈ ಕಾದು, ಸ್ವಲ್ಪ ಹೊತ್ತಿಗೆ ತಾನೇ ಬೆಳಕು ತಗ್ಗಿಸಿಕೊಳ್ಳುತ್ತಿತ್ತು.

“ಹೊಸ ಅಳಿಯನ ಹಾಗೆ,” ಎಂದ ಸೀಮೆಸುಣ್ಣ. “ಮೊದಮೊದಲು ಜೋರು. ಆಮೇಲೆ ಮನೆಯ ಶಾಖ ತಗುಲಿ ತಣ್ಣಗಾಗ್ತಾನೆ.”

ಸಾಹೇಬರು ನಕ್ಕರು. ಮೇಸ್ತ್ರಿ ನಗದೆ ತಗಡಿನ ಮೇಲೆ ನಿಂತ. ಬಾಗಿಲು ಮುಚ್ಚಿದರು. ಅವನು ಗೋಡೆಗೆ ಬೆಳಕು ಬಿಟ್ಟ.

ಅದೇ ಬಾವಿ. ನಡುವೆ ಬೆಳ್ಳಗೆ ಉರಿಯುವ ದುಂಡು, ಸುತ್ತಲೂ ಕಪ್ಪು.

ಮೊದಲು ಅವನಿಗೆ ಆದದ್ದು ನೆಮ್ಮದಿ. ಸುಳ್ಳು ಹೇಳುವ ಪ್ರಮೇಯವಿಲ್ಲ. ಅಕ್ಕ ಬೇಡಿದ್ದು ತಾನಾಗಿಯೇ ನಿಜವಾಗಿತ್ತು. “ಇದೂ ಅದೇ ಜಾತಿ ಸಾಹೇಬರೇ. ಮೈ ನೋಡಿದರೆ ಪೈಲ್ವಾನ, ಬೆಳಕು ಮಾತ್ರ ಸೂಜಿ. ವಾಪಸ್ ಕಳ್ಸಿ.”

ಸಾಹೇಬರು ಗೋಡೆಯ ಉದ್ದಕ್ಕೂ ಕಣ್ಣು ಹಾಯಿಸಿದರು. “ಮೇಸ್ತ್ರಿ, ನಾನು ಎದುರಾಡಬಾರದು, ಪದ್ಧತಿ. ಆದ್ರೆ ನನಗೆ ಗೋಡೆಯ ಮೂಲೆಯ ಜೇಡರ ಬಲೆಯೂ ಕಾಣ್ತಿದೆ. ನಿಮ್ಮ ಅಕ್ಕ ಬೆಳಿಗ್ಗೆ ಮನೆಗೆ ಬಂದಿದ್ದರಂತೆ?”

ಮೇಸ್ತ್ರಿಯ ಕಿವಿ ಬಿಸಿಯಾಯಿತು. ಇಷ್ಟು ವರ್ಷದಲ್ಲಿ ಅವನ ಮಾತಿಗೆ ಯಾರೂ ಇಂಥ ಬಣ್ಣ ಹಚ್ಚಿರಲಿಲ್ಲ. “ನಿಲ್ಲಿ. ಬೆಳಕು ಹರಡೋದು ಅಂದ್ರೆ ಏನು ಅಂತ ತೋರಿಸ್ತೀನಿ,” ಎಂದು ಕಪಾಟಿನಿಂದ ತನ್ನ ಹಳೆಯ ಹಿತ್ತಾಳೆ ಟಾರ್ಚು ತೆಗೆದ. ಅದರ ಸೆಲ್ಲು ಈಗ ಅಂಗಡಿಗಳಲ್ಲಿ ಸುಲಭಕ್ಕೆ ಸಿಗುತ್ತಿರಲಿಲ್ಲ. ಸಿಕ್ಕಾಗ ಒಂದೆರಡು ತಂದಿಟ್ಟುಕೊಂಡು, ಅದನ್ನು ಹೊತ್ತಿಸದೆ ಕಾಪಾಡಿದ್ದ. ಹಳದಿ ಬೆಳಕು, ಆದರೆ ಎದುರಿನ ಬಾಗಿಲು ತೆರೆದ ಹಾಗೆ ಅಷ್ಟಗಲ ಹರಡುತ್ತಿತ್ತು. ಆ ಬೆಳಕಲ್ಲೇ ಅವನು ಗೂಬೆಯಾದದ್ದು. ಅಷ್ಟರಲ್ಲಿ ಸಾಹೇಬರ ಫೋನು ಬಡಿದುಕೊಂಡಿತು. ಅವರು ಮಾತಾಡುತ್ತ ಹೊರಗೆ ಹೋದರು.

ಮೇಸ್ತ್ರಿ ಹಿತ್ತಾಳೆ ಟಾರ್ಚು ಹೊತ್ತಿಸಿದ.

ಹಳದಿ ದುಂಡು. ಸುತ್ತಲೂ ಕಪ್ಪು.

ಸೆಲ್ಲಿನ ಶಕ್ತಿ ಇಳಿದಿರಬೇಕು ಎಂದು ಹೊಸದು ಹಾಕಿದ. ದುಂಡು ಹೊಳೆಯಿತು, ಅಗಲವಾಗಲಿಲ್ಲ. ಗಾಜು ಒರೆಸಿದ. ಕೊನೆಗೆ ಟಾರ್ಚು ಹಿಡಿದ ಕೈಯನ್ನು ಎದೆಗೆ ಒತ್ತಿ ಹಿಡಿದು, ಕುತ್ತಿಗೆಯನ್ನಷ್ಟೇ ನಿಧಾನವಾಗಿ ಎಡಕ್ಕೆ ತಿರುಗಿಸಿದ. ಇಲ್ಲಿಯವರೆಗೆ ಇಲ್ಲದ ಎಡಗೋಡೆ ಬೆಳಕಿನಲ್ಲಿ ಎದ್ದು ಬಂತು. ಬಲಗಡೆ ಮುಳುಗಿತು. ಬಲಕ್ಕೆ ತಿರುಗಿಸಿದ. ಬಲಮೂಲೆಯಲ್ಲಿ ಸಾಹೇಬರು ಹೇಳಿದ ಜೇಡರ ಬಲೆ. ಟಾರ್ಚು ಅಲುಗಿರಲಿಲ್ಲ. ಕತ್ತಲೆ ಅವನ ತಲೆಯ ಜೊತೆ ತಿರುಗುತ್ತಿತ್ತು.

ತಲೆಗೆ ಕಟ್ಟಿದ ಲೈಟಿನಲ್ಲಿ ಇದು ತಿಳಿಯದೇ ಹೋಯಿತು. ತಲೆ ಹೋದಲ್ಲಿ ಬೆಳಕೂ ಹೋಗುತ್ತಿತ್ತು.

“ಗೋಡೆ ಪೂರ್ತಿ ಕಾಣ್ತಿದೆಯೇನೋ ನಿನಗೆ?” ಎಂದ, ತಿರುಗದೆ.

“ಕಾಣ್ತಿದೆ ಮೇಸ್ತ್ರಿ,” ಎಂದ ಸೀಮೆಸುಣ್ಣ.

“ಭಾವ ತಂದಿದ್ದವು?”

ಸೀಮೆಸುಣ್ಣ ಬಕೆಟ್ಟನ್ನು ಕಾಲಲ್ಲಿ ಪಕ್ಕಕ್ಕೆ ಸರಿಸಿದ. “ಅವುಗಳಲ್ಲೂ ಕಂಡಿತ್ತು.”

“ಮತ್ತೆ ಬಾಯಲ್ಲಿ ಏನಿಟ್ಟುಕೊಂಡಿದ್ದೆ?”

“ಮುಂದೆ ನಡೆಯೋನ ಮಾತಿಗೆ ಹಿಂದೆ ನಡೆಯೋನು ಎದುರಾಡಬಾರದು. ನೀವೇ ಕಲಿಸಿದ್ದು.”

“ಸುರಂಗದಲ್ಲಿ... ಬಿರುಕು ನೋಡದೆ ಬಿಟ್ಟಿದ್ದೀನಾ?”

“ನೀವು ಬಿಟ್ಟಲ್ಲಿ ನಾನೇ ಗೆರೆ ಎಳೀತಿದ್ದೆ. ನನಗೆ ಕಂಡಷ್ಟಕ್ಕೆ.” ಅವನೇ ಮುಂದುವರಿಸಿದ: “ಗೂಬೆಗೆ ಕಣ್ಣು ಕಾಣಲ್ಲ ಅಂದ್ರೆ ನನ್ನನ್ನ ನಂಬೋರು ಯಾರು ಮೇಸ್ತ್ರಿ? ಈಗ ವಾಪಸ್ ಅಂದಿದ್ದೀರಿ, ಅಲ್ಲಿಗೇ ಬಿಡಿ. ನಿಮ್ಮ ಭಾವಂದೂ ಉಳಿಯುತ್ತೆ, ನಿಮ್ದೂ ಉಳಿಯುತ್ತೆ.”

ಹಾವೂ ಸಾಯದು, ಕೋಲೂ ಮುರಿಯದು. ಮೇಸ್ತ್ರಿಗೆ ಅದು ತೋಚದೆ ಇರಲಿಲ್ಲ. ‘ಒಪ್ಪಿಗೆ’ ಎಂದು ಮಾತು ಬದಲಿಸಿದರೆ ಅವನು ಗೂಬೆಯಾಗಿಯೇ ಉಳಿಯುತ್ತಾನೆ, ಭಾವ ಬೀದಿಗೆ ಬೀಳುತ್ತಾರೆ. ‘ವಾಪಸ್’ ಎಂದೇ ನಿಂತರೆ ಇಬ್ಬರೂ ಉಳಿಯುತ್ತಾರೆ, ಅಕ್ಕ ಮತ್ತೆ ಹೊಸ್ತಿಲು ದಾಟಿ ಒಳಗೆ ಬರುತ್ತಾಳೆ. ಆದರೆ ಕಾಣದ ಕಣ್ಣು ಕಟ್ಟಿಕೊಂಡು ಸುರಂಗದಲ್ಲಿ ಮುಂದೆ ನಡೆಯುತ್ತಲೇ ಇರಬೇಕು. ಭಾವ ಕಮಿಷನ್ ತಿಂದವರಾಗಿಯೇ ಗೇಟು ಕಾಯುತ್ತಿರಬೇಕು. ಮೇಸ್ತ್ರಿಯ ಕೈ ತಾನಾಗಿ ಭುಜಕ್ಕೆ ಹೋಯಿತು. ಗೇಟನ್ನು ಯಾರೂ ತಳ್ಳಿರಲಿಲ್ಲ. ಅದು ಇದ್ದಲ್ಲೇ ಇತ್ತು, ಇವನೇ ಹೋಗಿ ಬಡಿದುಕೊಂಡಿದ್ದ. ಭಾವ ಬಹುಶಃ ಪಕ್ಕದಲ್ಲೇ ಕೈ ಎತ್ತಿ ನಿಂತಿದ್ದರು.

ಸಾಹೇಬರು ಬಾಗಿಲು ತೆರೆದು ಒಳಗೆ ಬಂದರು. ಅವನು ಆಗಲೇ ಹೇಳಿಬಿಟ್ಟ, ತಡಮಾಡಿದರೆ ಹೇಳಲಾರೆನೆಂದು. “ಟಾರ್ಚು ಸರಿಯಿದೆ. ಹಿಂದಿನ ಎರಡೂ ಸರಿಯಿದ್ವು. ಕೆಟ್ಟಿರೋದು ನನ್ನ ಕಣ್ಣು. ಎದುರಿಗಿರೋದು ಬಿಟ್ಟು ಪಕ್ಕದ್ದು ಕಾಣ್ತಿಲ್ಲ.”

ಸಾಹೇಬರು ಮೊದಲು ನಕ್ಕರು. ಆಮೇಲೆ ಅವರ ದನಿ ಗಡುಸಾಯಿತು. “ಅಕ್ಕನ ಮಾತಿಗೆ ಒಂದು ಸುಳ್ಳು ಹೇಳಿದ್ರಿ, ನಾನು ಹಿಡಿದೆ. ಈಗ ಅದರ ಮೇಲೆ ಇನ್ನೊಂದಾ? ಮೊನ್ನೆ ಸುರಂಗದಲ್ಲಿ ಕೂದಲೆಳೆ ಬಿರುಕು ಹಿಡಿದೋರು ನೀವು.”

“ಅದು ಎದುರಿಗಿತ್ತು.”

“ಭಾವನ್ನ ಉಳಿಸೋಕೆ ಗೂಬೆ ಕುರುಡಾಯ್ತು ಅಂದ್ರೆ ಯಾರ್ಡಲ್ಲಿ ನಾಯಿಯೂ ನಂಬಲ್ಲ ಮೇಸ್ತ್ರಿ. ಸೀಮೆಸುಣ್ಣ, ಹೋಗಿ ಅವರ ಭಾವನ್ನ ಕರ್ಕೊಂಡ್ ಬಾ. ಇಬ್ಬರೂ ಸೇರಿ ಕಟ್ಟಿದ ಕಥೆ ಇಬ್ಬರ ಬಾಯಲ್ಲೂ ಕೇಳೋಣ.”

ದೀಪ ಹಾಕಿದರು. ಮೇಸ್ತ್ರಿ ತಗಡಿನ ಮೇಲಿಂದ ಇಳಿಯಲಿಲ್ಲ. ಇಷ್ಟು ವರ್ಷ ತನ್ನ ‘ವಾಪಸ್’ ಒಂದನ್ನು ನಂಬಿದವರು ಇಂದು ತಾನಾಡಿದ ನಿಜವೊಂದನ್ನು ನಂಬುತ್ತಿಲ್ಲ. ಅವನು ಎದುರಿಗೆ ನಿಂತ ಸಾಹೇಬರಿಗೆ ಲೋಟಗಳ ಬಗ್ಗೆ ಹೇಳಿದ, ಗೇಟಿನ ಬಗ್ಗೆ ಹೇಳಿದ. ಸಾಹೇಬರು ಕೈಕಟ್ಟಿ ಕೇಳುತ್ತಿದ್ದರು. ಮುಖದಲ್ಲಿ ವ್ಯಂಗ್ಯ ಹಾಗೇ ಇತ್ತು.

“ಬೇಕಾದ್ರೆ ಭಾವನ್ನೇ ಕೇಳಿ,” ಎಂದ. “ಇನ್ನೂ ಬರಲಿಲ್ವಾ ಅವರು? ಸೀಮೆಸುಣ್ಣ ಎಲ್ಲಿ ಹೋದ?”

ಸಾಹೇಬರ ಮುಖದ ವ್ಯಂಗ್ಯ ಮೆಲ್ಲಗೆ ಅಳಿಸಿಹೋಯಿತು. ಅವರು ಮೇಸ್ತ್ರಿಯನ್ನು ನೋಡಿದರು, ಆಮೇಲೆ ಅವನ ಪಕ್ಕಕ್ಕೆ ನೋಡಿದರು. ಕಟ್ಟಿದ ಕೈ ಬಿಚ್ಚಿದರು.

“ಆಗಲೇ ಬಂದು ನಿಂತಿದ್ದೀನಿ,” ಎಂಬ ದನಿ ಕಿವಿಯ ಬುಡದಲ್ಲೇ ಕೇಳಿತು.

ಮೇಸ್ತ್ರಿ ಬೆಚ್ಚಿ ತಿರುಗಿದ. ಕೈ ಚಾಚಿದರೆ ತಾಗುವಷ್ಟು ಹತ್ತಿರದಲ್ಲಿ ಭಾವ, ಗೇಟಿನವರ ರಬ್ಬರ್ ಬೂಟಿನಲ್ಲಿ. ಬಲಗೈ ಭುಜದೆತ್ತರಕ್ಕೆ ಎತ್ತಿತ್ತು.

“ದಿನಾ ಇಷ್ಟೇ ಹತ್ತಿರ ನಿಂತು, ಹೀಗೇ ಎತ್ತುತ್ತಿದ್ದೆ,” ಎಂದರು ಭಾವ. ಕೈ ಇಳಿಸಿದರು.

“ಭಾವ, ನನಗೆ ಕಾಣಲಿಲ್ಲ. ದೇವರಾಣೆ, ಯಾವುದೂ ಕಾಣಲಿಲ್ಲ. ಬೇಕಂತ ಮಾಡಿದ್ದಲ್ಲ.”

“ಗೊತ್ತಾಯ್ತು.” ಭಾವ ಮೇಜಿನ ಮೇಲಿದ್ದ ಹೊಸ ಟಾರ್ಚನ್ನು ಎತ್ತಿಕೊಂಡರು. ಸ್ಟೋರಿನವರ ಕೈ, ಸುಮ್ಮನಿರದು. ಮುಚ್ಚಳ ಬಿಚ್ಚಿ, ರಬ್ಬರ್ ಬಳೆ ಮುಟ್ಟಿ ನೋಡಿ, ಮತ್ತೆ ಬಿಗಿದರು. ಸರಿಯಾಗಿ ಕೂರದ ರಬ್ಬರ್ ನಾಲಗೆಯನ್ನು ಹೆಬ್ಬೆರಳಲ್ಲಿ ಎರಡು ಸಲ ಒತ್ತಿದರು. “ಕಣ್ಣು ಹೋಗೋದು ಯಾರ ತಪ್ಪೂ ಅಲ್ಲ. ಕಾಣಲಿಲ್ಲ ಅಂದೆ, ಅದನ್ನ ಕಣ್ಣಿನ ಲೆಕ್ಕಕ್ಕೆ ಹಾಕೋಣ. ಕಮಿಷನ್ ಅಂದೆಯಲ್ಲ, ಅದನ್ನ ಯಾವುದರ ಲೆಕ್ಕಕ್ಕೆ ಹಾಕಲಿ?”

ಮೇಸ್ತ್ರಿ ತಗಡಿನ ಮೇಲಿಂದ ಇಳಿದ. ಸಾಹೇಬರು ಕೆಮ್ಮಿ, ಇಬ್ಬರೂ ಒಂದೇ ಮನೆಯವರು, ಆದದ್ದಾಯಿತು ಎಂದೇನೋ ಶುರುಮಾಡಿದರು. ಭಾವ ಟಾರ್ಚನ್ನು ಮೇಜಿನ ಮೇಲಿಟ್ಟು, “ಮಾಲು ಚೆನ್ನಾಗಿದೆ ಸಾಹೇಬರೇ. ಇಟ್ಟುಕೊಳ್ಳಿ,” ಎಂದು ಗೇಟಿಗೆ ಮರಳಿದರು.

ಕಣ್ಣಿನ ಡಾಕ್ಟರು ಮೇಸ್ತ್ರಿಯ ಗದ್ದವನ್ನು ಯಂತ್ರದ ಮೇಲೆ ಇರಿಸಿ ಬಹಳ ಹೊತ್ತು ನೋಡಿದರು. ಕಣ್ಣಿನೊಳಗೆ ಒತ್ತಡ ಏರಿ, ಅಂಚಿನಿಂದ ತಿನ್ನುತ್ತ ಬಂದಿದೆ ಎಂದರು. ಹೀಗೆ ಹೋಗುವುದು ಹೋದವನಿಗೇ ತಿಳಿಯುವುದಿಲ್ಲವಂತೆ. ಹೋದದ್ದು ಬಾರದು, ಉಳಿದದ್ದಕ್ಕೆ ದಿನಾ ಹನಿ ಹಾಕಬೇಕು. ಹನಿ ಹಾಕಲು ಸಂಜೆ ಸಂಜೆ ಅಕ್ಕ ಬರುತ್ತಾಳೆ. ಈಗ ಹೊಸ್ತಿಲು ದಾಟುತ್ತಾಳೆ. “ತಲೆ ಎತ್ತು,” ಅನ್ನುತ್ತಾಳೆ. “ರೆಪ್ಪೆ ಬಡೀಬೇಡ,” ಅನ್ನುತ್ತಾಳೆ. ಬಾಟಲಿಯ ಮುಚ್ಚಳ ಹಾಕಿ ಹೊರಟುಹೋಗುತ್ತಾಳೆ. ಚಹಾ ಮಾಡಲಾ ಎಂದರೆ, ಮನೆಯಲ್ಲಿ ಅವರು ಕಾಯುತ್ತಿರುತ್ತಾರೆ ಅನ್ನುತ್ತಾಳೆ.

ಸುರಂಗದಲ್ಲಿ ಈಗ ಮುಂದೆ ನಡೆಯುವವನು ಸೀಮೆಸುಣ್ಣ. ಭಾವ ಸ್ಟೋರಿಗೆ ಮರಳಿದರು. ಖಾಲಿಯಾದ ಗೇಟಿಗೆ, ಕೆಲಸದಿಂದ ತೆಗೆಯುವುದು ಬೇಡ, ಹಳಬ ಎಂದು, ಮೇಸ್ತ್ರಿಯನ್ನು ಹಾಕಿದರು. ಪಕ್ಕದಿಂದ ಬರುವವರು ಕಾಣದ ಮನುಷ್ಯನನ್ನು ಗೇಟು ಕಾಯಲು ಹಾಕಿದ್ದನ್ನು ಹೇಳಿಕೊಂಡು ಯಾರ್ಡಿನವರು ಸ್ವಲ್ಪ ದಿನ ನಕ್ಕರು, ಆಮೇಲೆ ಬಿಟ್ಟರು. ಗೂಬೆ ಎಂಬ ಹೆಸರು ಉಳಿದಿತ್ತು. ಈಗ ಅದನ್ನು ಅವನೆದುರು ಯಾರೂ ಆಡುತ್ತಿರಲಿಲ್ಲ.

ಹೊಸ ಟಾರ್ಚುಗಳು ಬಂದಾಗ ಗೇಟಿಗೂ ಒಂದು ಕೊಟ್ಟರು. ಕೊಟ್ಟದ್ದು ಸ್ಟೋರಿನ ಕಿಟಕಿಯಿಂದ. ಭಾವ ಕಿಟಕಿಯ ಕಟ್ಟೆಯ ಮೇಲಿಟ್ಟು, “ಗೇಟಿಗೆ,” ಎಂದಷ್ಟೇ ಹೇಳಿ ಮುಂದಿನವನನ್ನು ಕರೆದರು. ಮೇಸ್ತ್ರಿ ದಾರಿಯಲ್ಲೇ ಮುಚ್ಚಳ ತಿರುಗಿಸಿ ನೋಡಿದ. ತಿರುಪು ಎಲ್ಲೂ ಕಚ್ಚಲಿಲ್ಲ. ರಬ್ಬರ್ ನಾಲಗೆ ಮಾತ್ರ ಇದರಲ್ಲೂ ಹಾಗೇ. ಗೇಟಿಗೆ ಬಂದು ಅದರ ಬುಡವನ್ನು ಕಬ್ಬಿಣದ ಸರಳಿಗೆ ತಾಗಿಸಿದ. ಅಯಸ್ಕಾಂತ ಟಕ್ಕೆಂದು ಕಚ್ಚಿಕೊಂಡಿತು.

ಮಾರನೆಯ ಬೆಳಿಗ್ಗೆ ಕೆಲಸದವರು ಒಬ್ಬೊಬ್ಬರಾಗಿ ಒಳಬರುವಾಗ, ಬಲಗಡೆಯಿಂದ ಒಂದು ಹೆಜ್ಜೆಯ ಸದ್ದು ಕೇಳಿತು. ಭಾವನದ್ದೇ. ಒಂದು ಕಾಲನ್ನು ತುಸು ಒತ್ತಿ ಇಡುವುದು ಅವರ ಅಭ್ಯಾಸ. ಅಕ್ಕನ ಮದುವೆಯಾದಾಗಿನಿಂದ ಕೇಳಿದ ಹೆಜ್ಜೆ. ಮೇಸ್ತ್ರಿ ಎದ್ದು, ಸದ್ದಿನ ಕಡೆಗೆ ಅಂದಾಜಿನಲ್ಲಿ ಕೈ ಎತ್ತಿದ.

“ಭಾವ.”

ಹೆಜ್ಜೆ ನಿಲ್ಲಲಿಲ್ಲ, ಬಿರುಸಾಗಲೂ ಇಲ್ಲ. ಅವನು ಕುತ್ತಿಗೆ ಪೂರ್ತಿ ತಿರುಗಿಸಿ ನೋಡುವಷ್ಟರಲ್ಲಿ, ಅಂಗಳದ ನಡುವೆ ದೂರ ಸರಿಯುತ್ತಿದ್ದ ಬೆನ್ನು ಕಂಡಿತು. ಅದು ನೇರ ಎದುರಿಗಿತ್ತು. ಅಂಗಿಯ ಬೆನ್ನಿನ ಹೊಲಿಗೆಯವರೆಗೂ ಸ್ಪಷ್ಟವಾಗಿ ಕಾಣುತ್ತಿತ್ತು.